ಟಾಕೀಸಿನ ಅಳು

ಗೋದಾವರಿ ದನಿಯೆತ್ತಿ ಒಂದು ಸಾಲು ಮುಗಿಸಿ, ಮುಂದಿನದಕ್ಕೆ ಉಸಿರೆಳೆದುಕೊಳ್ಳುವಷ್ಟರಲ್ಲಿ ಬೆನ್ನ ಹಿಂದೆ ಯಾರೋ ಕಿಸಕ್ಕನೆ ನಕ್ಕರು.

ಗಂಡನ ಎದೆಯ ಮೇಲಿಟ್ಟಿದ್ದ ಅವಳ ಕೈ ಅಲ್ಲೇ ನಿಂತಿತು. ತಿರುಗಿ ನೋಡಿದರೆ ಜಗಲಿಯ ತುಂಬ ಕೋಡಿಬಾಗ ಕೇರಿಯ ಹೆಂಗಸರು, ಎಲ್ಲರ ಮುಖವೂ ಸೆರಗಿನೊಳಗೆ. ಸೆರಗಿನೊಳಗೆ ಅತ್ತರೂ ಹೆಗಲು ಕುಲುಕುತ್ತದೆ, ನಕ್ಕರೂ ಕುಲುಕುತ್ತದೆ. ಹೊರಗಿನಿಂದ ವಿಂಗಡಿಸುವುದು ಮೀನು ವಿಂಗಡಿಸಿ ಪಳಗಿದ ಕಣ್ಣಿಗೂ ಆಗದ ಕೆಲಸ. ತಾನೇ ತಪ್ಪು ಕೇಳಿಸಿಕೊಂಡೆನೇನೋ ಎಂದುಕೊಂಡು ಅವಳು ಮತ್ತೆ ಕುಪ್ಪನ ಮುಖ ನೋಡಿದಳು. ನಿನ್ನೆ ಸಂಜೆ ಬಲೆ ಹೆಣೆಯುತ್ತ ಕೂತಿದ್ದವನು ಎದೆ ಹಿಡಿದುಕೊಂಡು ಹಾಗೆಯೇ ಬಲೆಯ ಮೇಲೆ ಒರಗಿದ್ದ. ಆಸ್ಪತ್ರೆಗೆ ಒಯ್ಯಲು ರಿಕ್ಷಾ ಬರುವ ಮೊದಲೇ ಎಲ್ಲ ಮುಗಿದಿತ್ತು.

"ಸಾಕು ಗೋದಾವರಿ," ಪಕ್ಕದ ಮನೆಯ ಸುಕ್ರಿ ಮುದುಕಿ ಅವಳ ಬೆನ್ನು ಸವರಿದಳು. "ಈಗ್ಲೇ ಎಲ್ಲಾ ಖರ್ಚು ಮಾಡ್ಬೇಡ. ಎತ್ತುವಾಗ ಕರೆಯುಕೆ ಗಂಟ್ಲು ಉಳೀಬೇಕು."

ಅದು ಆ ಕೇರಿಯ ಕಟ್ಟಳೆ. ಚಟ್ಟ ಹೆಗಲಿಗೇರಿದ ಮೇಲೆ ಹೆಂಡತಿ ಬಾಗಿಲಲ್ಲಿ ನಿಂತು ಕರೆದು ಅಳಬೇಕು. ಆ ಕರೆ ಕಿವಿಗೆ ಬಿದ್ದ ಮೇಲೆಯೇ ಹೊತ್ತವರು ಹೆಜ್ಜೆ ಕೀಳುವುದು. ಕರೆಯದೆ ಕಳಿಸಿದರೆ ಸತ್ತವನು ಮರಳಿ ಬಂದು ಬಾಗಿಲು ತಟ್ಟುತ್ತಾನೆ ಎನ್ನುತ್ತಾರೆ. ಗೋದಾವರಿಯ ರಾಗ ಕೋಡಿಬಾಗದ್ದಲ್ಲ. ಅಂಕೋಲೆ ಕಡೆಯ ಬೇಲೆಕೇರಿಯಿಂದ ತವರಿನ ಪಾತ್ರೆಗಳ ಜತೆ ಬಂದದ್ದು. ಕೊನೆಯ ಅಕ್ಷರವನ್ನು ಎಳೆದು, ಏರಿಸಿ, ಒಮ್ಮೆಲೇ ಬಿಕ್ಕಿ ಕಡಿಯಬೇಕು. ಬಿಕ್ಕುವಾಗ ಅವಳ ಕೈ ತಾನಾಗಿಯೇ ಎಡಗಿವಿಗೆ ಹೋಗುತ್ತದೆ. ಯಾಕೆಂದು ಅವಳಿಗೂ ತಿಳಿಯದು.

*

ಹೆಣದ ತಲೆಯ ಹತ್ತಿರವೇ ಕಿಟಕಿ. ಕಿಟಕಿಯ ಆಚೆ ಅಂಗಳ. ಅಲ್ಲಿ ಬಿದಿರು ಕಡಿದು ಚಟ್ಟ ಕಟ್ಟುತ್ತಿದ್ದ ಗಂಡಸರ ಮಾತೆಲ್ಲ ಅವಳಿಗೆ ಕೇಳುತ್ತಿತ್ತು.

"ಶುಕ್ರವಾರವೇ ಹೊರಟ ನೋಡಾ," ಎಂದ ಹರೀಶ. ಕುಪ್ಪನ ದೋಣಿಯ ಜೊತೆಗಾರ, ಪಿಕ್ಚರಿಗೆ ಹೋದರೆ ಪಕ್ಕದ ಸೀಟಿನ ಖಾಯಂ ಗಿರಾಕಿ. "ಬಿಡುಗಡೆ ಅಂದ್ರೆ ಅಂವಗೆ ಶುಕ್ರವಾರವೇ ಆಗ್ಬೇಕು."

ಕಡಲ ತೆರೆಯ ಮುಂದೆ ಹುಟ್ಟಿದ ಕುಪ್ಪ ಮಾರುಹೋದದ್ದು ಬೆಳ್ಳಿತೆರೆಗೆ. ಹೊಸ ಪಿಕ್ಚರು ಬಂದ ದಿನ ಅವನು ದೋಣಿ ಹತ್ತುತ್ತಿರಲಿಲ್ಲ. ಮರುದಿನ ಬಲೆ ಒಣಹಾಕುವ ಚಪ್ಪರದಲ್ಲಿ ಇಡೀ ಪಿಕ್ಚರು ಇನ್ನೊಮ್ಮೆ ಓಡುತ್ತಿತ್ತು, ಅವನ ಬಾಯಲ್ಲಿ. ನಾಯಕ, ನಾಯಕಿ, ಖಳನಾಯಕ, ಖಳನಾಯಕನ ಕುದುರೆ ಎಲ್ಲ ಅವನೇ. ಕುಪ್ಪ ಕೊಟ್ಟ ತೀರ್ಪು ಸದಾಶಿವಗಡದವರೆಗೂ ನಡೆಯುತ್ತಿತ್ತು. ಮನೆಯಲ್ಲಿ ಮಾತ್ರ "ಅನ್ನ ಹಾಕು", "ಲೈಟ್ ತೆಗಿ" ಇಷ್ಟೇ ಅವನ ಡೈಲಾಗು.

"ಹೋದ ವಾರದ್ದು ನೋಡಿದ್ನಾ?" ಜಟ್ಟಪ್ಪ ಹಗ್ಗ ಬಿಗಿಯುತ್ತ ಕೇಳಿದ. ಕೇರಿಯಲ್ಲಿ ಯಾರು ಸತ್ತರೂ ಕಟ್ಟಿಗೆಯ ಉಸ್ತುವಾರಿ ಅವನದು.

"ನೋಡ್ದೆ ಬಿಡ್ತನಾ? ಹೊರಗೆ ಬಂದು ಏನಂದ ಹೇಳು?" ಹರೀಶ ಗಂಟಲು ಸರಿಮಾಡಿಕೊಂಡ. "'ಹೀರೋ ಹೊಡೆದದ್ದು ನೂರು ಮಂದಿಗೆ ಹರೀಶಾ, ಪೆಟ್ಟು ಬಿದ್ದದ್ದು ಟಿಕೆಟ್ ತಕಂಡವ್ರಿಗೆ!'"

ಗೋದಾವರಿ ಬೆಚ್ಚಿಬಿದ್ದಳು. ಆ ಗೊಗ್ಗರು ದನಿ, ಮಾತಿನ ಕೊನೆಗೆ ಮೂಗಿನಲ್ಲಿ ಬಿಡುವ ಆ ಹೂಂಕಾರ ಎಲ್ಲ ಕುಪ್ಪನದೇ. ಗಂಡ ಇಲ್ಲಿ ಮೂಗಿಗೆ ಹತ್ತಿ ಇಟ್ಟುಕೊಂಡು ಮಲಗಿದ್ದಾನೆ, ಅಲ್ಲಿ ಅಂಗಳದಲ್ಲಿ ಮಾತಾಡುತ್ತಿದ್ದಾನೆ.

"ನಂಗೇನ ಅಷ್ಟ್ ಕೆಟ್ಟದು ಕಾಣ್ಲಿಲ್ಲಪ್ಪ," ಎಂದ ಜಟ್ಟಪ್ಪ. "ಸಮುದ್ರ ಲಾಯ್ಕ್ ತೋರ್ಸಿದ್ರು."

"ಎಂಥಾ ಸಮುದ್ರ ಮಾರಾಯ! ಗಾಳಿ ಪಡುವಣದಿಂದ ಬತ್ತದೆ, ಹಾಯಿ ಪಡುವಣಕ್ಕೇ ಉಬ್ತದೆ. ಕುಪ್ಪಣ್ಣ ಎದ್ ನಿಂತು ಪರದೆಗೇ ಬೈದ, 'ಹಾಯಿ ತಿರುಗ್ಸಾ ಹಡಬೆ!' ಹಿಂದಿನವ್ರು ಅವ್ನಿಗೇ ಬೈದ್ರು."

"ನಾ ಫೋನಿಗೆ ಬಂದ್ಮೇಲೆ ನೋಡ್ದೆ. ಅದ್ರಲ್ಲಿ ಹಾಯಿನೂ ಸಣ್ಣದು, ತಪ್ಪೂ ಸಣ್ಣದು."

"ಫೋನಿನಲ್ಲಿ ನೋಡುದು ಒಂದು ನೋಡುದಾ? ಒಣಮೀನಿನ ವಾಸ್ನೆ ತಕಂಡು ಊಟ ಆಯ್ತು ಅಂದಂಗೆ."

"ಆಯ್ತಪ್ಪ. ಆದ್ರೆ ಕಡೆಗೆ ಆ ಹುಡ್ಗಿ ದಂಡೆ ಮೇಲೆ ನಿಂತು ಅತ್ತದ್ದಾದ್ರೂ ಒಪ್ಪು. ನನ್ನ ಕಣ್ಣಲ್ಲೂ ನೀರು ಬಂತು."

"ಅದು ಅಳುದಾ?" ಹರೀಶನ ದನಿಗೆ ಹುಮ್ಮಸ್ಸು ಬಂತು. "ಅಳುದಂದ್ರೆ ಕುಪ್ಪಣ್ಣನ ಟಾಕೀಸಿನ..."

ಅಂಗಳದಲ್ಲಿ ನಗೆ ಎದ್ದಿತು. ಎದ್ದದ್ದು ಅರ್ಧಕ್ಕೇ ಕೂತಿತು.

"ಶ್! ವೈನಿ ಕಿಟ್ಕಿ ಹತ್ರವೇ ಇದ್ದು," ಜಟ್ಟಪ್ಪ ಪಿಸುಗುಟ್ಟಿದ. ಆಮೇಲೆ ಎಲ್ಲರಿಗೂ ಕೇಳುವಂತೆ, "ನಾ ಮುಂದೆ ಸುಡುಗಾಡಿಗೆ ಹೋತೆ. ಕಟ್ಟಿಗೆ ಹಸಿ ಇದ್ರೆ ಫೋನ್ ಮಾಡ್ತೆ ಹರೀಶಾ, ಬರುವಾಗ ಸೀಮೆಎಣ್ಣೆ ತನ್ನಿ."

"ಮಾಡು. ಫೋನು ಕಿಸೆಯಲ್ಲೇ ಇದೆ."

ಟಾಕೀಸು. ಗೋದಾವರಿಯ ಮನಸ್ಸು ಆ ಒಂದು ಮಾತನ್ನು ಹಿಡಿದುಕೊಂಡಿತು.

*

ಮದುವೆಯಾದ ಹೊಸದರಲ್ಲಿ ಕುಪ್ಪ ಅವಳನ್ನು ಕಾರವಾರದ ಟಾಕೀಸಿಗೆ ಕರೆದೊಯ್ದಿದ್ದ. ಅಷ್ಟು ದೊಡ್ಡ ಮುಖಗಳನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಹೆದರಿಕೆಗೆ ಗಂಡನ ಅಂಗಿಯ ತೋಳು ಹಿಡಿದೇ ಕೂತಿದ್ದಳು. ಪಿಕ್ಚರು ಅರ್ಧಕ್ಕೆ ಬಂದಾಗ ಪರದೆಯ ಮೇಲೆ ಒಂದು ದೋಣಿ ಮಗುಚಿತು.

ಅದರ ಹಿಂದಿನ ವರ್ಷ ಬೇಲೆಕೇರಿಯಿಂದ ಮೀನಿಗೆ ಹೋದ ಅವಳ ಅಪ್ಪ ಮರಳಿ ಬಂದಿರಲಿಲ್ಲ. ಹೆಣವೂ ದಂಡೆಗೆ ಬರಲಿಲ್ಲ. ಹೆಣವಿಲ್ಲದ ಮನೆಯಲ್ಲಿ ಕರೆದು ಅಳಬಾರದೆಂದು ಹಿರಿಯರು ತಾಯಿ ಮಗಳಿಬ್ಬರ ಬಾಯಿಯನ್ನೂ ಮುಚ್ಚಿಸಿದ್ದರು. ಅಂದು ಮುಚ್ಚಿಟ್ಟದ್ದು ಟಾಕೀಸಿನ ಕತ್ತಲಲ್ಲಿ ಕಿತ್ತುಕೊಂಡು ಹೊರಗೆ ಬಂತು.

"ಅಪ್ಪಾ... ಬೆಳಗಿಗೆ ಬತ್ತೆ ಅಂದಿದ್ಯಲ್ಲಾ... ಯಾವ ಬೆಳಗಿಗೆ ಅಂತ ಹೇಳ್ದೇ ಹೋದ್ಯಲ್ಲಾ..."

ಇಡೀ ಟಾಕೀಸು ಪರದೆ ಬಿಟ್ಟು ಅವಳ ಕಡೆ ತಿರುಗಿತು. ಮುಂದಿನ ಸಾಲಿನಿಂದ ಶಿಳ್ಳೆ ಬಿತ್ತು. "ಯಾರಾ ಅದು, ಸೌಂಡ್ ಕಮ್ಮಿ ಮಾಡಾ!" ಎಂದು ಹಿಂದಿನಿಂದ ಯಾರೋ ಕೂಗಿದರು. ಕುಪ್ಪ ಎದ್ದು ಅವಳ ಕೈ ಹಿಡಿದು ಹೊರಗೆ ಕರೆತಂದ. ಸೋಡಾ ಕುಡಿಸಿದ. ಕೋಡಿಬಾಗದ ತನಕ ಕೈ ಬಿಡಲಿಲ್ಲ. ಕೇರಿಯಲ್ಲಿ ಹಗಲು ಹೊತ್ತಿನಲ್ಲಿ ಹೆಂಡತಿಯ ಕೈ ಹಿಡಿದು ನಡೆದವನು ಬೇರೆ ಯಾರೂ ಇರಲಿಲ್ಲ. ದಾರಿಯುದ್ದಕ್ಕೂ ಅವಳ ಮುಖವನ್ನೇ ನೋಡುತ್ತ ನಡೆದ.

ಮತ್ತೆ ಎಂದೂ ಅವಳನ್ನು ಟಾಕೀಸಿಗೆ ಕರೆಯಲಿಲ್ಲ. ತನ್ನ ಅಳು ಅವನಿಂದ ನೋಡಲಾಗುವುದಿಲ್ಲ ಎಂದು ಗೋದಾವರಿ ಅರ್ಥ ಮಾಡಿಕೊಂಡಳು. ಮನೆಯಲ್ಲಿ ಮಾತಿಲ್ಲದ ಗಂಡನ ಬಗ್ಗೆ ಅವಳ ಹತ್ತಿರ ಇದ್ದ ಸಂಪತ್ತು ಅದೊಂದೇ. ಆಮೇಲೆ ಗಂಡುಕೂಸು ಹುಟ್ಟಿ ತೀರಿಹೋದಾಗಲೂ ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು, ಅವನಿಗೆ ಕೇಳಬಾರದೆಂದು.

*

ಹೆಣವನ್ನು ಮೀಯಿಸುವ ಹೊತ್ತಿಗೆ ಗೋದಾವರಿ ಹಿತ್ತಲ ಬಾವಿಯ ಹತ್ತಿರ ಬಂದಳು. ಅಂಕೋಲೆಗೆ ಕೊಟ್ಟ ಮಗಳು ಮಾನಸಾ ನೀರು ಸೇದುತ್ತಿದ್ದಳು.

"ಮಾನಸಾ, ಹೆಂಗಸ್ರು ಯಾಕೆ ನಕ್ಕದ್ದು?"

"ಯಾರೂ ನಗ್ಲಿಲ್ಲ ಆಯಿ."

"ಟಾಕೀಸಿಂದು ಎಂತದು ಅದು?"

ಹಗ್ಗ ಮಗಳ ಕೈಯಿಂದ ಜಾರಿತು. ಕೊಡ ಬಾವಿಗೆ ಬಿದ್ದ ಸದ್ದಾಯಿತು.

"ಆಯಿ, ನಾ ಒಂದು ಹೇಳ್ತೆ. ಎತ್ತುವಾಗ ನೀ ಅಳ್ಬೇಡ. ಸುಕ್ರಜ್ಜಿ ಅಳ್ಲಿ."

"ಗಂಡ ನಂದು. ಅಳುಕೆ ಸುಕ್ರಕ್ಕ ಯಾಕೆ?" ಗೋದಾವರಿಯ ದನಿ ಏರಿತು. "ನಿನ್ನಪ್ಪಗೆ ನನ್ನ ಅಳು ಕಂಡ್ರೆ ತಡಿತಿರ್ಲಿಲ್ಲ. ಕೈ ಹಿಡ್ಕಂಡು ಬಂದಿದ್ರು. ನಿಂಗೆ ಎಷ್ಟು ಸಲ ಹೇಳಿದ್ದೆ."

"ಹೌದು ಆಯಿ, ನೀ ಹೇಳಿದ್ದೆ." ಮಾನಸಾ ಅತ್ತುಬಿಟ್ಟಳು. "ಅದ್ಕೇ ನಂಗೆ ಹೇಳುಕೆ ಆಗ್ಲಿಲ್ಲ."

ಆಮೇಲೆ ಕುಪ್ಪಸದೊಳಗಿಂದ ಮೊಬೈಲು ತೆಗೆದು ತಾಯಿಯ ಮುಂದೆ ಹಿಡಿದಳು.

ಅಂಕೋಲೆಯ ಯಾವುದೋ ಸಮಾರಂಭ. ವೇದಿಕೆಯ ಮೇಲೆ ಕುಪ್ಪ, ತಲೆಗೆ ಟವೆಲಿನ ಸೆರಗು ಹೊದ್ದುಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದ. ಪಕ್ಕದಲ್ಲಿ ಗಂಡನ ಪಾತ್ರದಲ್ಲಿ ಹರೀಶ. ಕುಪ್ಪ ಮೊದಲು ಕಣ್ಣರಳಿಸಿದ, ಆಮೇಲೆ ಹರೀಶನ ತೋಳು ಹಿಡಿದ. ಹಿಡಿದು ಬಾಯಿ ತೆರೆದ. "ಅಪ್ಪಾ... ಬೆಳಗಿಗೆ ಬತ್ತೆ ಅಂದಿದ್ಯಲ್ಲಾ..." ಅಕ್ಷರ ಎಳೆದ, ಏರಿಸಿದ, ಬಿಕ್ಕಿ ಕಡಿದ. ಕೈ ಎಡಗಿವಿಗೆ ಹೋಯಿತು. ಜನ ನಕ್ಕು ನಕ್ಕು ಕುರ್ಚಿಯಿಂದ ಜಾರುತ್ತಿದ್ದರು.

ಒಂದು ಉಸಿರೂ ತಪ್ಪಿರಲಿಲ್ಲ. ತನ್ನನ್ನು ಅವನು ಇಷ್ಟು ಸರಿಯಾಗಿ ನೋಡಿದ್ದನೆಂದು ಗೋದಾವರಿಗೆ ತಿಳಿದಿರಲಿಲ್ಲ. ಕೋಡಿಬಾಗದ ತನಕ ಅವನು ತನ್ನ ಮುಖವನ್ನೇ ನೋಡುತ್ತ ಬಂದದ್ದು ಈಗ ನೆನಪಾಯಿತು.

"ಯಾವಾಗಿಂದ?"

"ಮೊದ್ಲಿಂದಾನೂ ಇತ್ತಂತೆ ಆಯಿ. ದೋಣಿಯಲ್ಲಿ, ಬಲೆ ಚಪ್ಪರದಲ್ಲಿ, ಗಂಡಸ್ರ ಮುಂದೆ ಮಾತ್ರ. ಈಗ ಫೋನಿಗೆ ಬಂದು ಎಲ್ಲಾರಿಗೂ ಆಯ್ತು. ನನ್ನ ಗಂಡನ ಮನೆಯಲ್ಲೂ ಕಂಡಿದ್ರು. ಹುಡ್ಗರು ಅದ್ನ ಫೋನಿನ ರಿಂಗೇ ಮಾಡ್ಕಂಡಿದ್ರು."

ಓಣಿಯಲ್ಲಿ ಹೋಗುವಾಗ ಮಕ್ಕಳು ಬೇಲಿಯ ಹಿಂದೆ ಕೂತು "ಅಪ್ಪಾ" ಎಂದು ಕೂಗಿ ಓಡುತ್ತಿದ್ದದ್ದು, ಅದು ಏನೋ ಆಟವೆಂದು ತಾನೂ ನಕ್ಕಿದ್ದು ಎಲ್ಲ ಅವಳ ಕಣ್ಣ ಮುಂದೆ ಬಂತು.

"ಆ ಅಳು ನಿಂದೇ ಅಂತ ಅಪ್ಪ ಹೇಳ್ತಿರ್ಲಿಲ್ಲ ಆಯಿ," ಮಾನಸಾ ಬಿಕ್ಕುತ್ತ ಹೇಳಿದಳು. "'ಟಾಕೀಸಿಗೆ ಬಂದ ಒಬ್ಬಳು' ಅಂತಿದ್ದ."

ಗೋದಾವರಿ ಬಾವಿಯೊಳಗೆ ಇಣುಕಿದಳು. ಕೊಡ ಇನ್ನೂ ಮುಳುಗಿರಲಿಲ್ಲ. "ಪಾತಾಳಗರಡಿ ತಾ," ಎಂದಳು. "ನಿನ್ನಪ್ಪಗೆ ನೀರು ಬೇಕು."

*

ಚಟ್ಟ ಅಂಗಳದಲ್ಲಿ ಸಿದ್ಧವಾಯಿತು. ಕುಪ್ಪನ ಅಣ್ಣನ ಮಗ ಬೆಂಕಿಯ ಮಡಕೆ ಹಿಡಿದು ಮುಂದೆ ನಿಂತ. ಎಡ ಮುಂದಿನ ಹೆಗಲು ಹರೀಶನದು. ನಾಲ್ವರೂ ಬಗ್ಗಿ ಎತ್ತಿದರು.

ಹೆಂಗಸರು ಗೋದಾವರಿಯನ್ನು ಬಾಗಿಲಿಗೆ ತಂದು ನಿಲ್ಲಿಸಿದರು. ಜಗಲಿ ತುಂಬಿತ್ತು, ಅಂಗಳ ತುಂಬಿತ್ತು. ಆಚೆ ಮನೆಯ ಕಟ್ಟೆಯ ಮೇಲೂ ಜನ ಹತ್ತಿದ್ದರು. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ಟಾಕೀಸಿನಲ್ಲಿ ದೀಪ ಆರುವ ಮುಂಚೆ ಇರುವಂಥ ಸದ್ದಿಲ್ಲದ ಗಡಿಬಿಡಿ ಎಲ್ಲೆಡೆ ಹರಿದಾಡಿತು. ಇಬ್ಬರು ಹುಡುಗರು ಮೊಬೈಲು ಎತ್ತಿ ಹಿಡಿದರು.

"ಕರಿಯೇ," ಸುಕ್ರಿ ಅವಳ ಪಕ್ಕೆ ತಿವಿದಳು. "ಹೊತ್ತವ್ರು ನಿಂತಿದ್ರು."

ಗೋದಾವರಿ ತುಟಿ ಬಿಗಿದಳು. ಅಳು ಬಂದಿತ್ತು. ಅದಕ್ಕೆ ಇದ್ದದ್ದು ಒಂದೇ ರಾಗ, ಬೇಲೆಕೇರಿಯದು. ಎಡಗೈ ಮೇಲೇಳತೊಡಗಿತು, ಅವಳು ಬಲಗೈಯಿಂದ ಅದನ್ನು ಹಿಡಿದುಕೊಂಡಳು.

"ವೈನಿ," ಹರೀಶ ತಿರುಗದೆಯೇ ಹೇಳಿದ. "ಹೊತ್ತಾಯ್ತು."

"ನಿಮ್ಗೆ ಬೇಕಾದ್ರೆ ನೀವೇ ಕರೀರಿ," ಎಂದಳು ಗೋದಾವರಿ. ಮೆಲ್ಲಗೇ ಹೇಳಿದ್ದು. ಆದರೂ ಅವನ ಕತ್ತು ಕೆಂಪಾದದ್ದು ಬಾಗಿಲ ತನಕ ಕಂಡಿತು.

ಹಿಂದೆ ಹೊತ್ತವರು ಹೆಗಲು ಬದಲಿಸಿಕೊಂಡರು. ಕರೆಯದೆ ಹೆಜ್ಜೆ ಕೀಳುವ ಧೈರ್ಯ ಆ ಕೇರಿಯಲ್ಲಿ ಯಾರಿಗೂ ಇರಲಿಲ್ಲ.

ಆಗ ಅಳು ಎದ್ದಿತು.

"ಅಪ್ಪಾ... ಬೆಳಗಿಗೆ ಬತ್ತೆ ಅಂದಿದ್ಯಲ್ಲಾ..."

ಅದು ಬಂದದ್ದು ಹರೀಶನ ಅಂಗಿಯ ಕಿಸೆಯೊಳಗಿಂದ. ಕಟ್ಟಿಗೆ ಹಸಿಯಿತ್ತೆಂದು ಕಾಣುತ್ತದೆ. ಹರೀಶನ ಎರಡೂ ಕೈ ಬಿದಿರಿನ ಮೇಲಿದ್ದವು. ಒಂದನ್ನು ತೆಗೆದರೂ ಕುಪ್ಪ ವಾಲುತ್ತಿದ್ದ. ಅವನು ಗಲ್ಲ ಬಗ್ಗಿಸಿ ಕಿಸೆಯನ್ನು ಒತ್ತಿ ಮುಚ್ಚಲು ನೋಡಿದ. ಹಿಂದೆ ಹೊತ್ತವರಿಗೆ ಚಟ್ಟದ ಹೊರತು ಮುಂದೇನೂ ಕಾಣುತ್ತಿರಲಿಲ್ಲ. ಕರೆ ಬಿತ್ತೆಂದು ಅವರು ರೂಢಿಯಂತೆ ಹೆಜ್ಜೆ ಕಿತ್ತರು. ಮುಂದಿನವರು ನೂಕಿಸಿಕೊಂಡು ನಡೆದರು.

"...ಯಾವ ಬೆಳಗಿಗೆ ಅಂತ ಹೇಳ್ದೇ ಹೋದ್ಯಲ್ಲಾ..."

ಎಳೆದು, ಏರಿಸಿ, ಬಿಕ್ಕಿ ಕಡಿದು, ಮತ್ತೆ ಮೊದಲಿನಿಂದ. ಚಟ್ಟ ಓಣಿ ಹಿಡಿದು, ಒಣಹಾಕಿದ ಬಲೆಗಳನ್ನು ದಾಟಿ, ತೆಂಗಿನಮರದ ತಿರುವಿನಲ್ಲಿ ಮರೆಯಾಗುವವರೆಗೂ ಗೋದಾವರಿಯ ಅಳು ಕುಪ್ಪನ ದನಿಯಲ್ಲಿ ಕೇಳುತ್ತಲೇ ಇತ್ತು. ಬಾಯಿ ಮುಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದ ಅವಳ ಕಡೆಗೆ ಇಬ್ಬರು ಹುಡುಗರು ಇನ್ನೂ ಮೊಬೈಲು ಹಿಡಿದೇ ಇದ್ದರು.