ಸಿದ್ದಕ್ಕ ತಿರುಗಿಸಿಟ್ಟ ಬಾಟಲಿಗಳು

ಹುಚ್ಚಕ್ಕ ಬಾಟಲಿಗಳನ್ನು ಎರಡೆರಡಾಗಿ ಎತ್ತಿ, ಸೆರಗಿನಿಂದ ಧೂಳು ಒರೆಸಿ, ನೆಲದ ಮೇಲೆ ನೆಟ್ಟಗೆ ನಿಲ್ಲಿಸುತ್ತಿದ್ದಳು. ಅಳುವುದನ್ನೂ ಬಿಟ್ಟಿರಲಿಲ್ಲ, ಕೆಲಸವನ್ನೂ ಬಿಟ್ಟಿರಲಿಲ್ಲ. ಹೊರಗೆ ಅಂಗಳದ ಚಪ್ಪರದ ಕೆಳಗೆ ಅವಳ ತಮ್ಮನ ಹೆಂಡತಿ ಸಿದ್ದಕ್ಕನ ಹೆಣ ಮಲಗಿಸಿದ್ದರು. ಹರಿಯಬ್ಬೆಯಿಂದ ಸಿದ್ದಕ್ಕನ ಅಣ್ಣ ಚಿತ್ತಯ್ಯ ಬಂದು ತವರಿನ ಸೀರೆ ಹೊದಿಸದೆ ಹೆಣ ಎತ್ತುವ ಹಾಗಿರಲಿಲ್ಲ. ಯಲ್ಲದಕೆರೆಯ ಅರ್ಧ ಊರು ಅವನಿಗಾಗಿ ಕಾಯುತ್ತ ಕೂತಿತ್ತು. ಕಾಯುವುದು ಬಾರದ ಹುಚ್ಚಕ್ಕ ಕಸ ಹೊಡೆಯಲೆಂದು ಹಿಂದಿನ ಕೋಣೆಗೆ ಹೋದವಳು, ಹಲಗೆಯ ತೂತುಗಳಲ್ಲಿ ಸಾಲು ಸಾಲಾಗಿ ತಲೆಕೆಳಗಾಗಿ ನಿಂತ ಬಾಟಲಿಗಳನ್ನು ನೋಡಿ ಎದೆ ಬಡಿದುಕೊಂಡಳು.

"ಹೆಣ ಎತ್ತಿದ ಮ್ಯಾಲೆ ಮನೇಲಿರೋ ನೀರು ಚೆಲ್ಲಿ ಕೊಡ ಬೋರಲು ಹಾಕಾದು. ಇದ್ಯಾವಳು ಬದುಕಿದ್ದಾಗ್ಲೇ ಬೋರಲು ಹಾಕಿದಾಳೆ? ಮತ್ತೆ ಸಾವು ಬರದೆ ಇನ್ನೇನು ಬರ್ತೈತೆ!"

ಚಟ್ಟಕ್ಕೆ ಹಗ್ಗ ಹುಡುಕುತ್ತ ಬಂದ ದಿಲಾವರ್ ಬಾಗಿಲಲ್ಲೇ ನಿಂತುಬಿಟ್ಟ. ಹಿರಿಯೂರಿನಲ್ಲಿ ಹಣ್ಣಿನ ಪೆಟ್ಟಿಗೆ ಮಾಡುವ ಬಡಗಿ ಅವನು. ಆ ತೂತಿನ ಹಲಗೆಗಳೂ ಅವನ ಕೈಯವೇ.

"ಅಕ್ಕಾ, ಮುಟ್ಟಬ್ಯಾಡ್ರಿ! ಕೈ ತಗೀರಿ!"

"ಮುಟ್ಟಾದೇನು, ಮುಗಿದೇ ಹೋತು. ಇನ್ನು ನಾಕೈದು ಉಳಿದಾವೆ," ಎಂದ ಹುಚ್ಚಕ್ಕ ಮೂಗು ಸೀಟಿ, ಉಳಿದವನ್ನೂ ಎತ್ತಿ ನಿಲ್ಲಿಸಿದಳು.

ಆ ಬಾಟಲಿಗಳಲ್ಲಿದ್ದದ್ದು ಗುಳ್ಳೆ ಏಳುವ ವೈನು. ದ್ರಾಕ್ಷಿ ರಸ ಒಮ್ಮೆ ಹುಳಿತು ವೈನಾದ ಮೇಲೆ ಬಾಟಲಿಗೆ ತುಂಬಿ, ಚೂರು ಸಕ್ಕರೆ, ಚೂರು ಹುದುಗು, ಅಂದರೆ ಯೀಸ್ಟು, ಹಾಕಿ ಮುಚ್ಚಳ ಬಿಗಿದರೆ ಒಳಗೇ ಮತ್ತೊಮ್ಮೆ ಹುಳಿಯುತ್ತದೆ. ಗುಳ್ಳೆ ಹುಟ್ಟುವುದು ಹಾಗೆ. ಆದರೆ ಸತ್ತ ಹುದುಗು ಒಳಗೇ ಬಗ್ಗಡವಾಗಿ ಉಳಿಯುತ್ತದೆ. ಅದನ್ನು ತೆಗೆಯಲು ಬಾಟಲಿಗಳನ್ನು ಹಲಗೆಗೆ ಸಿಕ್ಕಿಸಿ, ದಿನಾ ಚೂರು ಚೂರು ತಿರುಗಿಸುತ್ತ, ವಾರಗಟ್ಟಲೆ ತಲೆಕೆಳಗು ಮಾಡುತ್ತ ಹೋಗಬೇಕು. ಬಗ್ಗಡವೆಲ್ಲ ಬಾಟಲಿಯ ಕತ್ತಿಗಿಳಿದು ಮುಚ್ಚಳದ ಹತ್ತಿರ ಕೂತಾಗ ಮುಚ್ಚಳ ಹಾರಿಸಿದರೆ ಅದೊಂದೇ ಚಿಮ್ಮಿ ಹೋಗಿ ತಿಳಿ ಉಳಿಯುತ್ತದೆ. ಈ ಕೋಣೆಯ ಬಾಟಲಿಗಳನ್ನು ಹಾಗೆ ತಿರುಗಿಸಿದವಳು ಸಿದ್ದಕ್ಕ. ಕಾಯಿಲೆಯ ಮೈಯಲ್ಲಿ, ಮಣೆ ಹಾಕಿಕೊಂಡು ಕೂತು, ದಮ್ಮು ಹತ್ತಿದಾಗ ಹಲಗೆಗೆ ಹಣೆಯಾನಿಸಿ ಸುಧಾರಿಸಿಕೊಂಡು ತಿರುಗಿಸಿದ್ದಳು.

ಗಲಾಟೆ ಕೇಳಿ ಸಿದ್ದಕ್ಕನ ಗಂಡ ಗಂಗಾಧರಪ್ಪ ಒಳಗೆ ಬಂದ. ಒಂದು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಎಮ್ಮೆ ಇಳಿದ ಕಟ್ಟೆಯ ನೀರಿನ ಹಾಗೆ ಒಳಗೆ ಬಗ್ಗಡ ಸುತ್ತುತ್ತಿತ್ತು.

"ಏನಾತೋ ತಮ್ಮಾ? ಒಳ್ಳೇದಕ್ಕೇ ಮಾಡಿದ್ನಲ್ಲೋ," ಎಂದಳು ಹುಚ್ಚಕ್ಕ. ಈಗ ಅವಳಿಗೂ ಹೆದರಿಕೆಯಾಗಿತ್ತು.

"ಏನೂ ಆಗಿಲ್ಲಕ್ಕ," ಎಂದ ಗಂಗಾಧರಪ್ಪ.

ಅವನು ಬೆಳಗಿನಿಂದ ಒಂದೇ ಯೋಚನೆಯಲ್ಲಿದ್ದ. ಎತ್ತುವ ಮೊದಲು ಎಲ್ಲರೂ ಬಾಯಿಗೆ ನೀರು ಬಿಡುವಾಗ ತಾನು ಅವಳ ವೈನಿನ ಒಂದು ಹನಿ ಬಿಡಬೇಕು, ಅವಳು ತಿರುಗಿಸಿ ತಿಳಿ ಮಾಡಿದ ಹನಿ. ಅದಿಲ್ಲದೆ ಅವಳನ್ನು ಮಣ್ಣಿಗಿಡಲು ಮನಸ್ಸು ಒಪ್ಪುತ್ತಿರಲಿಲ್ಲ. ಈಗ ಬಯ್ಯೋಣವೆಂದರೆ ಯಾರನ್ನು ಬಯ್ಯುವುದು? ಬಾಟಲಿಯನ್ನು ಎದೆಗೆ ಒತ್ತಿ ಹಿಡಿದುಕೊಂಡೇ ಅವನು ಹೊರಗೆ ಹೋಗಿ ಹೆಂಡತಿಯ ತಲೆಯ ಹತ್ತಿರ ಕೂತ.

*

ಎರಡು ವರ್ಷದ ಹಿಂದೆ ಚಿತ್ರದುರ್ಗದ ಒಂದು ಕಾಲೇಜಿನ ಸಭಾಂಗಣದಲ್ಲಿ ಸಣ್ಣ ದ್ರಾಕ್ಷಿ ಬೆಳೆಗಾರರು ತಮ್ಮ ತಮ್ಮ ಗುಳ್ಳೆ ವೈನು ತಂದು ಒಬ್ಬರದನ್ನೊಬ್ಬರು ರುಚಿ ನೋಡುವ ಏರ್ಪಾಡಾಗಿತ್ತು. ಹೊಸದುರ್ಗದವರಿದ್ದರು, ಹೊಳಲ್ಕೆರೆಯವರಿದ್ದರು. ಹಿರಿಯೂರು ಕಡೆಯಿಂದ ಹೋದವರು ಸಿದ್ದಕ್ಕ, ಗಂಗಾಧರಪ್ಪ, ದಿಲಾವರ್ ಮೂವರೇ. ಆ ಮೂವರನ್ನು ಕಂಡರೆ ಊರಿಗೆ ನಗೆ. ದಿಲಾವರ್ ಕುಡಿಯುವವನಲ್ಲ, "ನಂದು ಹಲಗೆ ಮಾತ್ರ, ಒಳಗಿಂದು ನಿಮ್ದು," ಎಂದು ಮೊದಲ ದಿನವೇ ಕೈ ತೊಳೆದುಕೊಂಡಿದ್ದ. ಗಂಗಾಧರಪ್ಪ ಕುಡಿಯುತ್ತಿದ್ದ, ಆದರೆ ಅವನ ನಾಲಿಗೆಗೆ ಒಳ್ಳೆಯದೂ ಒಂದೇ, ಕೆಟ್ಟದ್ದೂ ಒಂದೇ. ಹೋದ ವರ್ಷದ್ದಕ್ಕೂ ಈ ವರ್ಷದ್ದಕ್ಕೂ ವ್ಯತ್ಯಾಸ ಹೇಳು ಎಂದರೆ ಅವನು ಬಾಟಲಿಯ ಚೀಟಿ ನೋಡುತ್ತಿದ್ದ. ಬಾಯಲ್ಲಿಟ್ಟು ಮುಕ್ಕಳಿಸಿ, ಮಣ್ಣಿಗೆ ಉಗಿದು, ಇದು ಆಯಿತು, ಇದು ಆಗಿಲ್ಲ ಎನ್ನುತ್ತಿದ್ದವಳು ಸಿದ್ದಕ್ಕ ಒಬ್ಬಳೇ. ಹೀಗಾಗಿ ಊರಲ್ಲಿ ಸಿದ್ದಕ್ಕ ಕುಡಿಯುತ್ತಾಳೆ ಎಂದಾಯಿತು. ಆ ಮಾತು ಹರಿಯಬ್ಬೆಗೂ ಮುಟ್ಟಿ, ಅಣ್ಣ ಚಿತ್ತಯ್ಯ ತಂಗಿಯ ಮನೆಗೆ ಬರುವುದನ್ನೇ ಬಿಟ್ಟ.

ಆವತ್ತು ಸಭಾಂಗಣದಲ್ಲಿ ಗಾಜಿನ ಲೋಟಗಳ ಸಾಲು. ಸಿದ್ದಕ್ಕನ ವೈನು ಬುಸ್ ಎಂದು ಉಕ್ಕಿ, ಭಾಷಣ ಮುಗಿಯುವುದರೊಳಗೆ ಸಪ್ಪಗಾಯಿತು. ಪಕ್ಕದ ಲೋಟದ್ದು ಹೊಳಲ್ಕೆರೆಯ ಏಕನಾಥಮ್ಮ ಎಂಬ ವಯಸ್ಸಾದ ಹೆಂಗಸಿನದು. ಅದರಲ್ಲಿ ಸಾಸಿವೆಯಷ್ಟು ಸಣ್ಣ ಗುಳ್ಳೆ ತಳದಿಂದ ದಾರದ ಹಾಗೆ ಏಳುತ್ತಲೇ ಇತ್ತು. ಸಿದ್ದಕ್ಕ ಅದನ್ನು ಬಾಯಿಗಿಟ್ಟವಳು ಉಗಿಯಲಿಲ್ಲ, ನುಂಗಿದಳು.

"ನಮ್ಮದು ಸೋಡಾ ಕಣಮ್ಮ. ನಿಮ್ಮದು ವೈನು. ಹೆಂಗ್ಮಾಡಿದ್ರಿ?" ಎಂದು ಎಲ್ಲರ ಮುಂದೆಯೇ ಕೇಳಿಬಿಟ್ಟಳು. ಗಂಗಾಧರಪ್ಪನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಏಕನಾಥಮ್ಮ ನಕ್ಕಳು. "ಹಣ್ಣು ಸಿಹಿ ಆಗಾಕೆ ಬಿಡಬ್ಯಾಡ, ಹುಳಿ ಇದ್ದಾಗ್ಲೇ ಕೀಳು. ಆಮ್ಯಾಲೆ ಅವಸರ ಮಾಡಬ್ಯಾಡ. ನಾವು ಅವಸರ ಮಾಡಿದಷ್ಟೂ ಗುಳ್ಳೆ ದಪ್ಪ ಆಗ್ತೈತೆ."

ವಾಪಸು ಬರುವಾಗ ಬಸ್ಸಿನಲ್ಲಿ ಸಿದ್ದಕ್ಕ ಹೊಸ ಸೀರೆ ಕೊಡಿಸಿದ ಹಾಗೆ ಖುಷಿಯಾಗಿದ್ದಳು. "ಸೋತು ಬಂದು ನಗ್ತಿಯಲ್ಲೇ," ಎಂದ ಗಂಗಾಧರಪ್ಪ.

"ಹಂಗೂ ಮಾಡಬಹುದು ಅಂತ ಗೊತ್ತಾತಲ್ರೀ. ಒಂದ್ಸಲ ನನ್ನ ಕೈಲಿ ಹಂಗೆ ಬಂದು, ನಾನದನ್ನ ಬಾಯಿಗಿಟ್ಟು ನೋಡಿದ್ರೆ ಸಾಕು."

ಮುಂದಿನ ಬೆಳೆಯನ್ನು ಅವಳು ಹುಳಿಯಿದ್ದಾಗಲೇ ಕೀಳಿಸಿದಳು. ಕಾಯಿ ಕೀಳೋ ಹುಚ್ಚಿ ಎಂದು ಅಕ್ಕಪಕ್ಕದ ತೋಟದವರು ಆಡಿಕೊಂಡರು. ಕೋಣೆಯ ಬಾಟಲಿಗಳು ಆ ಬೆಳೆಯವು.

*

ಚಿತ್ತಯ್ಯ ಬಂದಾಗ ಬಿಸಿಲು ಚಪ್ಪರದ ಒಳಗೆ ಬಂದಿತ್ತು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಹಸಿರು ಸೀರೆ. ಕುರಿ ಹಿಂದೆ ನಡೆದು ಬೆಳೆದ ಉದ್ದನೆಯ ಆಳು, ತಂಗಿಯ ಮುಖ ನೋಡಿದ್ದೇ ಮಂಡಿಯೂರಿ ಕೂತುಬಿಟ್ಟ. ಸೀರೆ ಹೊದಿಸಲು ಕೈ ಬರದೆ ಹುಚ್ಚಕ್ಕನೇ ಹೊದಿಸಿದಳು.

"ಇಷ್ಟು ಬತ್ತಿ ಹೋಗಿದಾಳಲ್ಲ. ನಂಗ್ಯಾಕೆ ಹೇಳ್ಲಿಲ್ಲ?" ಎಂದ.

"ಹೇಳಿ ಕಳಿಸಿದ್ವಿ ಭಾವ. ಎರಡು ಸಲ," ಎಂದ ಗಂಗಾಧರಪ್ಪ.

ಚಿತ್ತಯ್ಯ ತಲೆ ತಗ್ಗಿಸಿದ. ಬಂದವರು ಒಬ್ಬೊಬ್ಬರಾಗಿ ವೀಳ್ಯದೆಲೆಯಲ್ಲಿ ನೀರು ಅದ್ದಿ ಸಿದ್ದಕ್ಕನ ತುಟಿಗೆ ಬಿಡತೊಡಗಿದರು. ಗಂಗಾಧರಪ್ಪನ ಸರದಿ ಬಂದಾಗ ಅವನು ತಂಬಿಗೆ ಮುಟ್ಟದೆ ಬಾಟಲಿ ಮುಂದೆ ಮಾಡಿದ.

"ಏನದು?" ಚಿತ್ತಯ್ಯನ ದನಿ ಬದಲಾಯಿತು.

"ಅವಳು ಮಾಡಿದ್ದು. ಒಂದು ಹನಿ ಬಿಡ್ತೀನಿ."

"ಹೆಂಡಾನ? ಕುಲಸ್ಥರೆಲ್ಲ ಕುಂತಿರೋ ಕಡೆ, ನಾನು ತಂದ ಸೀರೆ ಹೊದ್ದಿರೋಳ ಬಾಯಿಗೆ ಹೆಂಡ ಬಿಡ್ತೀಯಾ? ಬದುಕಿದ್ದಾಗ ಮರ್ಯಾದೆ ಕಳಕೊಂಡ್ಲು. ಸತ್ತ ಮ್ಯಾಲೂ ಕಳೀಬೇಕಾ?"

ಜಗಳವಾಡುವ ಶಕ್ತಿ ಗಂಗಾಧರಪ್ಪನಲ್ಲಿ ಇರಲಿಲ್ಲ. ಬಾಟಲಿ ಹಿಡಿದ ಕೈ ಮುಂದೆಯೂ ಹೋಗದೆ ಹಿಂದೆಯೂ ಬಾರದೆ ಅಲ್ಲೇ ನಿಂತಿತು.

"ಅವಳಿಗೆ ನಾಲಿಗೆ ವಾಪಸ್ ಬಂದಿತ್ತು ಭಾವ," ಎಂದ. "ಮೊನ್ನೆ ಬಂದಿತ್ತು."

*

ಸಿದ್ದಕ್ಕನ ಗಂಟಲಲ್ಲಿ ಗಡ್ಡೆ ಎಂದು ಗೊತ್ತಾದದ್ದು ಬಾಟಲಿಗಳಿಗೆ ಮುಚ್ಚಳ ಬಿಗಿದ ಮೇಲೆ. ದೊಡ್ಡಾಸ್ಪತ್ರೆಯಲ್ಲಿ ಕತ್ತಿಗೆ ಕರೆಂಟ್, ಅಂದರೆ ರೇಡಿಯೇಶನ್, ಕೊಟ್ಟರು. ಗಡ್ಡೆ ಕರಗಿತು, ಅದರ ಜೊತೆಗೆ ರುಚಿಯೂ ಹೋಯಿತು. ಅನ್ನ ಮಣ್ಣು, ಸಾರು ಮಣ್ಣು, ಕಲ್ಲುಸಕ್ಕರೆಯೂ ಕಲ್ಲು. ರುಚಿ ನಿಧಾನಕ್ಕೆ ಬರುತ್ತದೆ, ಕಾಯಬೇಕು ಎಂದಿದ್ದರು ಡಾಕ್ಟರು. ಸಿದ್ದಕ್ಕ ಕಾಯುತ್ತ ಬಾಟಲಿ ತಿರುಗಿಸಿದಳು.

ಅವಳು ದಿನೇ ದಿನೇ ಸೋಲುವುದನ್ನು ನೋಡಲಾರದೆ ಗಂಗಾಧರಪ್ಪ ಒಂದು ಸಂಜೆ, "ಒಂದು ತಗೀಲೇನೇ? ಹೆಂಗಿದ್ರೂ ಆಗ್ಲಿ, ನೋಡಿಬಿಡು," ಎಂದ.

"ಬಾಟ್ಲಿನೂ ಆಗಿಲ್ಲ, ನನ್ನ ನಾಲಿಗೆನೂ ಆಗಿಲ್ಲ. ಎರಡೂ ಆಗ್ಲಿ. ಹುಣ್ಣಿಮೆ ಕಳೀಲಿ ತಡೀರಿ."

ಹುಣ್ಣಿಮೆ ಕಳೆದ ಮಾರನೆಯ ಬೆಳಿಗ್ಗೆ ಮಜ್ಜಿಗೆ ಕುಡಿದವಳು ಮುಖ ಕಿವುಚಿದಳು. ಲೋಟ ಕೆಳಗಿಟ್ಟು ಮತ್ತೆ ಎತ್ತಿ ಕುಡಿದಳು. "ರೀ, ಮಜ್ಜಿಗೆ ಹುಳಿಯಾಗೈತೆ ಕಣ್ರೀ! ಯಾವ ಕಾಲದ ಮಜ್ಜಿಗೆ ಕೊಟ್ರಿ ನಂಗೆ?" ಎಂದು ಬಯ್ಯುತ್ತ ನಕ್ಕಳು. ಇಡೀ ಮನೆ ಬೆಳಗಿದ ಹಾಗಾಯಿತು ಗಂಗಾಧರಪ್ಪನಿಗೆ. ನಾಳೆ ದಿಲಾವರ್‌ನ ಕರೆಸಿ ಬಾಟಲಿ ತೆಗೆಯೋಣ ಎಂದು ಮಾತಾಯಿತು. ಅವತ್ತು ಸಂಜೆ ಜ್ವರ ಬಂತು. ಮರುದಿನ ಉಸಿರು ಕಟ್ಟಿತು. ಆಟೋದಲ್ಲಿ ಹಿರಿಯೂರು ದಾರಿ ಅರ್ಧ ಮುಗಿಯುವುದರೊಳಗೆ ಎಲ್ಲ ಮುಗಿದಿತ್ತು.

*

ಇದನ್ನೆಲ್ಲ ಗಂಗಾಧರಪ್ಪ ಸರಿಯಾಗಿ ಹೇಳಲೂ ಇಲ್ಲ. ಮಜ್ಜಿಗೆ, ಹುಣ್ಣಿಮೆ, ನಾಲಿಗೆ ಎಂದು ಅಲ್ಲೊಂದು ಇಲ್ಲೊಂದು ಮಾತು ಬಂತು. ಉಳಿದದ್ದನ್ನು ದಿಲಾವರ್ ಹೇಳಿದ. ಕೇಳುತ್ತ ಕೇಳುತ್ತ ಹುಚ್ಚಕ್ಕನಿಗೆ ತಾನು ಮಾಡಿದ್ದೇನೆಂದು ತಿಳಿಯಿತು. "ಅಯ್ಯೋ, ನನ್ನ ಕೈ ಮುರಿದು ಹೋಗ್ಲಿ," ಎಂದು ಸಿದ್ದಕ್ಕನ ಕಾಲ ಮೇಲೆ ಬಿದ್ದಳು.

ಚಿತ್ತಯ್ಯ ತಂಗಿಯ ಮೇಲಿನ ಸೀರೆಯ ಅಂಚು ಸರಿಮಾಡಿದ. ಆಮೇಲೆ, "ಒಂದು ಹನಿ ಬಿಡಪ್ಪ. ಬಿಟ್ಟುಬಿಡು," ಎಂದು ಮುಖ ತಿರುಗಿಸಿ ಕೂತ.

ದಿಲಾವರ್ ಬಾಟಲಿಯನ್ನು ಅಂಗಳದ ಅಂಚಿಗೆ ಒಯ್ದು ಮುಚ್ಚಳ ಎಬ್ಬಿಸಿದ. ಕದಡಿದ ವೈನು, ಮೇಲೆ ಮಧ್ಯಾಹ್ನದ ಬಿಸಿ. ಢಬ್ ಎಂದ ಸದ್ದಿಗೆ ಹೆಂಗಸರು ಬೆಚ್ಚಿದರು. ನೊರೆ ಅವನ ಅಂಗಿಗೆ, ಮುಖಕ್ಕೆ, ಚಪ್ಪರದ ಗಳಕ್ಕೆ ಚಿಮ್ಮಿತು. ಅವನು ಹೆಬ್ಬೆರಳು ಒತ್ತಿದಷ್ಟೂ ಸಂದಿಯಿಂದ ಹರಿಯಿತು. ನಿಲ್ಲುವ ಹೊತ್ತಿಗೆ ತಳದಲ್ಲಿ ಸ್ವಲ್ಪ ಉಳಿದಿತ್ತು. ಯಾರೋ ತಂದುಕೊಟ್ಟ ಗಾಜಿನ ಟೀ ಲೋಟಕ್ಕೆ ಚೂರು ಸುರಿದಾಗ ಅದು ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿತ್ತು.

ಗಂಗಾಧರಪ್ಪ ಎಲೆಯ ತುದಿಯನ್ನು ಲೋಟಕ್ಕೆ ಅದ್ದಿ ಸಿದ್ದಕ್ಕನ ತುಟಿಗೆ ಬಿಟ್ಟ. ಗದ್ದಕ್ಕೆ ಬಟ್ಟೆ ಬಿಗಿದಿದ್ದರು, ಬಾಯಿ ತೆರೆಯುವಂತಿರಲಿಲ್ಲ. ಹನಿ ತುಟಿಯ ಮೇಲೆ ಒಂದು ಗಳಿಗೆ ನಿಂತು ಕೆನ್ನೆಗೆ ಜಾರಿತು. ಅವನು ಬೆರಳಿಂದ ಒರೆಸಿ ಮತ್ತೊಂದು ಹನಿ ಬಿಟ್ಟ. ಅದೂ ಜಾರಿತು.

ಬೆರಳನ್ನು ತಾನೇ ಬಾಯಿಗಿಟ್ಟುಕೊಂಡ. ಹುಳಿ. ಅಷ್ಟೇ. ಸುತ್ತ ನೋಡಿದ.

"ಯಾರಾದ್ರೂ ನೋಡಿ ಹೇಳ್ರಿ. ಹೆಂಗಾಗೈತೆ ಹೇಳ್ರಿ."

ಸಾವಿನ ಮನೆಯಲ್ಲಿ ಇಂಥ ಮಾತು ಯಾರೂ ಕೇಳಿರಲಿಲ್ಲ. ಆದರೂ ಅವನ ಮುಖ ನೋಡಿ ಇಲ್ಲವೆನ್ನಲಾಗಲಿಲ್ಲ. ಬಾಟಲಿಯಲ್ಲಿ ಉಳಿದದ್ದನ್ನು ಮೂರು ನಾಲ್ಕು ಜನ ಅಂಗೈಗೆ ಹಾಕಿಸಿಕೊಂಡು ತೀರ್ಥದ ಹಾಗೆ ಹೀರಿದರು.

"ಮೂಗಿಗೆ ಹೊಡೀತೈತೆ," ಎಂದ ಒಬ್ಬ.

"ಬೀರಿದ್ದಂಗೈತೆ, ಆದ್ರೆ ಬೀರಲ್ಲ," ಎಂದ ಇನ್ನೊಬ್ಬ.

"ಚೆನ್ನಾಗೈತೆ ಬಿಡಪ್ಪ," ಎಂದಳು ಒಬ್ಬ ಮುದುಕಿ.

"ಚೆನ್ನಾಗೈತೆ ಅಂದ್ರೆ ಹೆಂಗೆ?"

ಮುದುಕಿ ಅವನನ್ನೇ ನೋಡಿದಳು. "ಅಂದ್ರೆ... ಚೆನ್ನಾಗೈತೆ."

ದಿಲಾವರ್ ಹತ್ತಿರ ಬಂದು ಕೂತ. "ಗಂಗಣ್ಣ, ಹೊಳಲ್ಕೆರೆ ಅಮ್ಮನ ಹತ್ರ ಒಂದು ಬಾಟ್ಲಿ ತಗಂಡು ಹೋಗಾಣ. ಅವರು ಸರಿಯಾಗಿ ಹೇಳ್ತಾರೆ."

"ಅವರು ಹೇಳ್ತಾರೆ ದಿಲಾವರ್. ನಾನದನ್ನ ಯಾರಿಗೆ ಹೇಳ್ಲಿ?"

ದಿಲಾವರ್‌ ತೋಳಿನಿಂದ ಮುಖ ಒರೆಸಿಕೊಂಡ. ಅವನ ಅಂಗಿಯಿಂದ ವೈನಿನ ವಾಸನೆ ಬರುತ್ತಿತ್ತು. ಮನೆಗೆ ಹೋದರೆ ಹೆಂಡತಿ ನಸೀಬಾ ಏನನ್ನುತ್ತಾಳೋ ಎಂಬ ಯೋಚನೆ ಬಂದು, ಇಂಥ ಹೊತ್ತಿನಲ್ಲಿ ಅದು ಬಂದದ್ದಕ್ಕೆ ಅವನಿಗೇ ನಾಚಿಕೆಯಾಯಿತು.

ಹೊತ್ತು ಮುಳುಗುವ ಮುಂಚೆ ಮಣ್ಣಾಗಬೇಕಿತ್ತು. ಹೆಣವನ್ನು ಚಟ್ಟಕ್ಕೆ ಏರಿಸಿ ಹಗ್ಗ ಬಿಗಿದರು. ಹೆಂಗಸರ ಅಳು ಏರಿತು. ನಾಲ್ಕು ಜನ ನಾಲ್ಕು ಮೂಲೆಗೆ ಬಗ್ಗಿ ಬಿದಿರು ಹಿಡಿದರು. ಚಟ್ಟದ ತಲೆಯ ಕಡೆ ನೆಲದ ಮೇಲೆ ಉಳಿದಿದ್ದ ಟೀ ಲೋಟ ಯಾರ ಕಾಲಿಗಾದರೂ ಸಿಕ್ಕೀತೆಂದು ಚಿತ್ತಯ್ಯ ಅದನ್ನು ಎತ್ತಿಡಲು ಬಗ್ಗಿದ. ಬಗ್ಗಿದವನು ಹಾಗೇ ಕುಕ್ಕರಗಾಲಲ್ಲಿ ಕೂತ.

"ತಡೀರಿ," ಎಂದ.

ಮಬ್ಬು ಅರ್ಧ ಕೆಳಗಿಳಿದಿತ್ತು. ಅದರೊಳಗಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ದಾರದ ಹಾಗೆ ಒಂದರ ಹಿಂದೆ ಒಂದು ಮೇಲೇಳುತ್ತಿದ್ದವು.

"ಗಂಗಾಧರಪ್ಪ, ಇಲ್ಲಿ ಬಾ. ಇದೇನಿದು? ಇನ್ನೂ ಬರ್ತಾ ಐತಲ್ಲ?"

ಗಂಗಾಧರಪ್ಪ ಬಂದು ಅವನ ಪಕ್ಕದಲ್ಲಿ ಕೂತ. ಇಬ್ಬರೂ ಲೋಟಕ್ಕೆ ಮುಖ ಹತ್ತಿರ ತಂದರು. ಚಿತ್ತಯ್ಯ ಕಂಬಳಿಯ ಚುಂಗು ಮೇಲೆತ್ತಿ ಲೋಟಕ್ಕೆ ಬಿಸಿಲು ಬೀಳದ ಹಾಗೆ ಮರೆ ಹಿಡಿದ. ನಾಲ್ವರು ಎತ್ತಲೂ ಆರದೆ ಬಿಡಲೂ ಆರದೆ ಚಟ್ಟದ ಬಿದಿರು ಹಿಡಿದು ಬಗ್ಗಿಯೇ ನಿಂತಿದ್ದರು. ಲೋಟದ ತಳದಿಂದ ಗುಳ್ಳೆಗಳು ಏಳುತ್ತಲೇ ಇದ್ದವು.