ಬಾಯಿ ಅವಳದು, ದನಿ ಇನ್ಯಾರದೋ

ಪರದೆಯ ಮೇಲೆ ಬೆಳಗಿನಕ್ಕನ ತುಟಿ ಆಡುತ್ತಿತ್ತು, ದನಿ ಮಾತ್ರ ಅವಳದಾಗಿರಲಿಲ್ಲ. ಯಾವಳೋ ಹುಡುಗಿ, ಸಕ್ಕರೆ ಪಾಕದಲ್ಲಿ ಅದ್ದಿ ತೆಗೆದಂಥ ಗಂಟಲಲ್ಲಿ, ಅವಳ ಬದುಕನ್ನು ಅವಳ ಬಾಯಿಂದಲೇ ಹೇಳುತ್ತಿದ್ದಳು. ಅಕ್ಕನಿಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು.

ಬೆಳಗಿನಕ್ಕ ಎನ್ನುವುದು ಕೇಳುಗರು ಇಟ್ಟ ಹೆಸರು. ಹೊಟ್ಟೆಪಾಡಿಗೆಂದು ಈ ದೇಶಕ್ಕೆ ಬಂದವಳು, ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಗೋಡೆಗೆಲ್ಲ ಕಂಬಳಿ ಹೊಡೆದು ಪುಟ್ಟ ರೇಡಿಯೊ ಕೇಂದ್ರ ಶುರುಮಾಡಿದ್ದಳು. ಬಟ್ಟೆ ಒಗೆಯುವ ಮಷೀನು ತಿರುಗುವಾಗ ಸುದ್ದಿ ಓದುವಂತಿರಲಿಲ್ಲ, ಅದು ನಿಂತ ಸಂದಿನಲ್ಲೇ ಓದಿ ಮುಗಿಸಬೇಕಿತ್ತು. ಯಾವ ಬಸ್ಸು ದಾರಿ ಬದಲಿಸಿದೆ, ಆಸ್ಪತ್ರೆಯಲ್ಲಿ ಯಾವ ಕಿಟಕಿಗೆ ಹೋಗಬೇಕು, ಮನೆ ಮಾಲೀಕ ಬೀಗ ಜಡಿದರೆ ಏನನ್ನಬೇಕು, ಎಲ್ಲವನ್ನೂ ಮೊದಲು ತನ್ನ ಭಾಷೆಯಲ್ಲಿ, ಆಮೇಲೆ ಇಲ್ಲಿಯವರ ಭಾಷೆಯಲ್ಲಿ ಹೇಳುತ್ತಿದ್ದಳು. ಪಾತ್ರೆ ತೊಳೆಯುವವರು, ಟ್ಯಾಕ್ಸಿಯವರು, ದಾದಿಯರು ಅವಳ ಹಿಂದೆಯೇ ಹೇಳಿ ಹೇಳಿ ಈ ಭಾಷೆ ಕಲಿತರು.

ಈಗ ಆ ಕೇಂದ್ರವನ್ನು ದೊಡ್ಡ ಚಾನೆಲ್ಲೊಂದು ಕೊಳ್ಳುವುದಿತ್ತು. ಸಹಿ ಇವತ್ತೇ. ಅವಳ ಷರತ್ತು ಒಂದೇ: ಬೆಳಗಿನ ಒಂದು ಗಂಟೆ ಅವಳದು, ಅವಳ ದನಿಯಲ್ಲೇ. ಚಾನೆಲ್ಲಿನ ಯಜಮಾನ ಕೋಲೆಬಸವನ ಹಾಗೆ ತಲೆಯಾಡಿಸಿದ್ದ. ಸಮಾರಂಭಕ್ಕೆಂದು ಅವಳ ಮೇಲೆ ಈ ಚಿತ್ರವನ್ನೂ ಮಾಡಿಸಿದ್ದ.

ಚಿತ್ರ ಮುಗಿದು ಚಪ್ಪಾಳೆ ಬಿತ್ತು. ಅವಳು ನೇರ ಅವನ ಮುಂದೆ ಹೋಗಿ ನಿಂತಳು.

“ನಾನು ನಿಮ್ಮ ಭಾಷೇಲೇ ಮಾತಾಡಿದ್ದೆ. ಅದನ್ನ ಮತ್ತೆ ನಿಮ್ಮ ಭಾಷೆಗೇ ಡಬ್ ಮಾಡ್ಸಿದೀರಲ್ಲ, ಯಾಕೆ?”

“ಚೆನ್ನಾಗೇ ಮಾತಾಡಿದ್ರಿ ಮೇಡಂ. ನೋಡೋರ ಕಿವಿಗೆ ಸ್ವಲ್ಪ ಹಿತವಾಗಿರ್ಲಿ ಅಂತ.”

“ಬೆಳಗಿನ ಗಂಟೆ?”

“ಮಾತೆಲ್ಲ ನಿಮ್ದೇ. ನೀವು ಬರೆದು ಕೊಡಿ, ಸಾಕು.”

ಗಂಡ ಅವಳ ಮೊಣಕೈ ಹಿಡಿದು ಪಕ್ಕಕ್ಕೆಳೆದ. “ಹೋಗ್ಲಿ ಬಿಡೆ. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡ್ಬೇಡ.”

“ಬಾಯೇ ಕಿತ್ಕೊಂಡಿದಾರಲ್ರೀ, ತುತ್ತು ಎಲ್ಲಿಗೆ ಹಾಕೋಣ?”

ಆದರೆ ಅವನು ಹೇಳುವುದರಲ್ಲೂ ಸುಳ್ಳಿರಲಿಲ್ಲ. ಕೇಂದ್ರದ ಯಂತ್ರಗಳು ಇವತ್ತೋ ನಾಳೆಯೋ ಎನ್ನುತ್ತಿದ್ದವು, ಇಬ್ಬರಿಗೂ ವಯಸ್ಸಾಗಿತ್ತು. ಅವಳು ಹಲ್ಲು ಕಚ್ಚಿ ಮೇಜಿನ ಮುಂದೆ ಕೂತು ಪೆನ್ನು ಎತ್ತಿಕೊಂಡಳು. ನುಂಗಿಕೊಳ್ಳುವುದೇನು ಹೊಸದೇ ಎಂದುಕೊಂಡಳು.

ಆಗ ಹುಡುಗಿಯೊಬ್ಬಳು ಓಡಿ ಬಂದು ಅವಳ ಕಾಲು ಮುಟ್ಟಿದಳು. ಬಾಯಿ ತೆರೆದದ್ದೇ ಗೊತ್ತಾಯಿತು, ಅದೇ ಸಕ್ಕರೆ ಪಾಕ.

“ಆ ದನಿ ನಂದೇ ಅಕ್ಕ! ಚಿಕ್ಕೋಳಿದ್ದಾಗ ನಮ್ಮ ಅಡಿಗೆಮನೇಲಿ ಯಾವಾಗ್ಲೂ ನಿಮ್ಮದೇ ರೇಡಿಯೊ. ನಾನೂ ಥೇಟ್ ನಿಮ್ಮ ಹಾಗೇ ಮಾತಾಡ್ತಿದ್ದೆ. ಶಾಲೇಲಿ ಎಲ್ರೂ ನಗ್ತಿದ್ರು. ಕನ್ನಡಿ ಮುಂದೆ ನಿಂತು ನಿಂತು ಆ ಧಾಟಿ ಎಲ್ಲಾ ತಿಕ್ಕಿ ತೆಗೆದೆ.” ಪದಕ ತೋರಿಸುವವಳ ಹಾಗೆ ಹೇಳಿದಳು.

ಅಕ್ಕ ತನ್ನ ಭಾಷೆಯಲ್ಲಿ ಕೇಳಿದಳು: “ಅಮ್ಮನ ಹತ್ರ ಯಾವುದ್ರಲ್ಲಿ ಮಾತಾಡ್ತೀಯ?”

ಹುಡುಗಿಗೆ ಅರ್ಥವಾಯಿತು, ಉತ್ತರ ಮಾತ್ರ ಇಲ್ಲಿಯವರ ಭಾಷೆಯಲ್ಲೇ ಬಂತು. “ಅಮ್ಮ ಈಗ ಜಾಸ್ತಿ ಮಾತಾಡಲ್ಲ. ಅವಳ ಮಾತು ಕೇಳಿ ನನಗೆ ನಾಚ್ಕೆ ಆಗುತ್ತೆ ಅಂತ ಅವಳಿಗೆ ಭಯ.”

ಅಕ್ಕ ಪೆನ್ನಿನ ಮುಚ್ಚಳ ಹಾಕಿದಳು. ಸಹಿ ಹಾಕದ ಕಾಗದವನ್ನು ಯಜಮಾನನ ಕಡೆ ತಳ್ಳಿದಳು.

“ನಿಮ್ಮ ದನೀನೇ ಹಾಕಿಸ್ತೀನಿ ಮೇಡಂ, ಫಿಲ್ಮ್ ಸರಿ ಮಾಡಿಸೋಣ,” ಯಜಮಾನ ತಡವರಿಸಿದ.

“ನನ್ನ ದನೀಲಿ ಸರಿ ಮಾಡೋ ಅಂಥದ್ದೇನೂ ಇರ್ಲಿಲ್ಲ. ಕೆಟ್ಟಿರೋದು ನಿಮ್ಮ ಕಿವಿ.”

ಗಂಡ ಹಣೆ ಹಣೆ ಚಚ್ಚಿಕೊಂಡ. ಅವಳು ಹುಡುಗಿಯ ಕಡೆ ತಿರುಗಿದಳು. ದನಿ ಗದರುವ ಹಾಗೇ ಇತ್ತು.

“ನಾಳೆ ಬೆಳಗ್ಗೆ ಅಮ್ಮನ್ನ ಕರ್ಕೊಂಡು ಬಾ. ಮೈಕಿನ ಮುಂದೆ ಅವಳು ಕೂರ್ತಾಳೆ. ನೀನು ಹೊರಗೆ ಕೂತು ಕೇಳು.”