ಕರಡಿ ಮಾಮನ ಅಂಗಿ

ರಜೆಯಲ್ಲಿ ಮೃಗಾಲಯದ ಸೇವೆಗೆ ಹದಿಹರೆಯದ ಮಕ್ಕಳು ಬೇಕೆಂದು ಗೇಟಿನ ಮೇಲೆ ಬೋರ್ಡು ಬಿದ್ದಾಗ ನಮ್ಮ ಮನೆಯಲ್ಲಿ ಕುಣಿದಾಡಿದ್ದು ಮಗಳಲ್ಲ, ಅವಳ ಅಪ್ಪ. ನಮ್ಮವರು ಅಲ್ಲಿ ಕರಡಿ ನೋಡಿಕೊಳ್ಳುವ ಕೆಲಸಗಾರ. ಮಗಳು ಹುಟ್ಟುವ ಮೊದಲೇ ಸೇರಿದವರು, ಆಗಲೂ ಕಾಂಟ್ರಾಕ್ಟಿನಲ್ಲೇ ಇದ್ದರು. ಅಪ್ಪನಿಗೆ ಏನು ಕೆಲಸ ಎಂದು ಗೆಳತಿಯರು ಕೇಳಿದರೆ ಮಗಳು ಮಾತು ತೇಲಿಸಿಬಿಡುತ್ತಿದ್ದಳು. ಅಂಥವಳು ಹಸಿರು ಟೀ ಶರ್ಟು ಹಾಕಿಕೊಂಡು ಅಪ್ಪನ ಸ್ಕೂಟರಿನ ಹಿಂದೆ ಕೂತು ಹೊರಟಾಗ ಇವರಿಗೆ ಸ್ವರ್ಗಕ್ಕೆ ಮೂರೇ ಗೇಣು.

ಒಂದು ದಿನ ಮರೆತು ಹೋಗಿದ್ದ ಊಟದ ಡಬ್ಬಿ ಕೊಡಲು ನಾನೇ ಹೋದೆ. ಪ್ರಾಣಿಗಳ ಅಡುಗೆಕೋಣೆಯಲ್ಲಿ ಫಿನಾಯಿಲ್ ವಾಸನೆ, ನೆಲವೆಲ್ಲ ಒದ್ದೆ, ಸ್ಟೀಲ್ ಮೇಜಿನ ಮೇಲೆ ಕ್ಯಾರೆಟ್ಟಿನ ರಾಶಿ. ಸುತ್ತ ಹಸಿರು ಶರ್ಟಿನ ಮಕ್ಕಳು, ನಡುವೆ ಮೇಷ್ಟ್ರ ಥರ ಇವರು.

"ಮುದುಕಿಗೆ ಹಲ್ಲಿಲ್ಲ. ಕುಂಬಳಕಾಯಿ ಬೇಯಿಸಿ ಕೈಯಲ್ಲೇ ಹಿಸುಕಬೇಕು. ಒಂದು ಗಟ್ಟಿ ಚೂರು ಸಿಕ್ಕಿದ್ರೂ ಮುಖ ತಿರುಗಿಸಿಕೊಂಡು ಕೂತ್ಬಿಡ್ತಾಳೆ, ಥೇಟ್ ನನ್ನ ಹೆಂಡ್ತಿ ಥರ."

ಮಕ್ಕಳು ನನ್ನನ್ನು ನೋಡಿ ನಕ್ಕವು. "ಕರಡಿ ಮಾಮ, ಆಂಟಿ ಬಂದಿದ್ದಾರೆ!" ಮುದುಕಿ ಎಂದರೆ ಕರಡಿ. ಬೆಳಿಗ್ಗೆ ಅದನ್ನು ಬಯಲಿನಿಂದ ಒಳಕೋಣೆಗೆ ಕರೆದು, ಊಟ ಹಾಕಿ, ಬಾಗಿಲು ಮುಚ್ಚಿ, ಆಮೇಲೆ ಬಯಲು ತೊಳೆಯಬೇಕು. ಎಲ್ಲವನ್ನೂ ಇವರು ಬಿಡಿಸಿ ಬಿಡಿಸಿ ಹೇಳಿಕೊಡುತ್ತಿದ್ದರು.

ಹೊರಗೆ ಬಂದು ಕೇಳಿದೆ, "ರೀ, ಎಲ್ಲಾ ಕಲಿಸಿಬಿಟ್ರೆ ನಿಮಗೇನು ಉಳಿಯುತ್ತೆ?"

"ಮಕ್ಕಳು ಕಣೇ. ಎಷ್ಟು ಆಸೆಯಿಂದ ಮಾಡ್ತವೆ ನೋಡು."

ನಿನ್ನ ನಾಲಿಗೆ ಸರಿಯಿಲ್ಲ ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಅವತ್ತು ಸರಿಯಾಗೇ ಇತ್ತು.

ತಿಂಗಳು ತುಂಬುವುದರೊಳಗೆ ಸೂಪರ್‌ವೈಸರ್ ಕರೆದು ಬೆಣ್ಣೆಯಂಥ ಮಾತಾಡಿದನಂತೆ. "ಮಕ್ಕಳೇ ಇಷ್ಟು ಚೆನ್ನಾಗಿ ಮಾಡ್ತಿರುವಾಗ ನಿಮ್ಮ ಕಾಂಟ್ರಾಕ್ಟು ಮುಂದುವರಿಸಿ ಅಂತ ಮೇಲಿನವರಿಗೆ ಹೇಗೆ ಹೇಳ್ಲಿ? ಬೀಗ ಹಾಕೋಕೆ ಹುಲಿ ಕಡೆಯವನು ಬಂದು ಹೋಗ್ತಾನೆ. ಕರಡಿ ಮಕ್ಕಳಿಗೆ ಬಗ್ಗಲಿಲ್ಲ ಅಂದ್ರೆ ನಿಮ್ಮನ್ನೇ ವಾಪಸ್ ಕರೀತೀನಿ." ಇವರು ಆ ಮಾತನ್ನು ಮನೆಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದರು. ನಾನು ಮಾತ್ರ ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಕರಡಿ ಬಗ್ಗಲಿಲ್ಲ. ಮಕ್ಕಳು ಬಕೆಟ್ ಬಡಿದರು, ಕೂಗಿದರು, ಪುಸಲಾಯಿಸಿದರು. ಅದು ಗೋಡೆಗೆ ಮುಖ ಮಾಡಿ ಕೂತದ್ದು ಕೂತೇ ಇತ್ತು. ಒಳಗೆ ಬರಲಿಲ್ಲ, ಹೊರಗೆ ಇಟ್ಟದ್ದನ್ನೂ ಮೂಸಲಿಲ್ಲ. ಸಂಜೆ ಮಗಳು ಚಪ್ಪಲಿ ಬಿಡುತ್ತಲೇ, "ಇವತ್ತೂ ಏನೂ ತಿನ್ಲಿಲ್ಲ ಅಪ್ಪ," ಎನ್ನುವಳು. ನನಗೆ ಹಾಲು ಕುಡಿದಷ್ಟು ಸಂತೋಷ. ಯಾಕೆ ಮುಚ್ಚಿಡಲಿ? ಆ ಕರಡಿ ಉಪವಾಸ ಇದ್ದಷ್ಟೂ ನಮ್ಮ ಹೊಟ್ಟೆ ತುಂಬುವ ದಾರಿ ಹತ್ತಿರವಾಗುತ್ತಿತ್ತು.

"ಇನ್ನೆರಡು ದಿನ ತಡ್ಕೊಳ್ರೀ. ತಾವಾಗೇ ಓಡಿ ಬರ್ತಾರೆ."

ಇವರು ತಟ್ಟೆ ದೂಡಿದರು. "ಅದಕ್ಕೆ ವಯಸ್ಸಾಗಿದೆ ಕಣೇ. ಎರಡು ದಿನ ತಡೆಯಲ್ಲ ಅದು."

"ನಾವು ತಡೀತೀವಾ?"

ಮರುದಿನ ಬೆಳಿಗ್ಗೆ ಇವರು ತಾವು ಹಿಂದಿನ ದಿನ ತೊಟ್ಟು ಬೆವರಿದ್ದ ಅಂಗಿಯನ್ನು ಮಗಳ ಮುಂದೆ ಹಿಡಿದರು. "ಶರ್ಟಿನ ಮೇಲೆ ಹಾಕ್ಕೋ. ಅದಕ್ಕೆ ಕಣ್ಣು ಅಷ್ಟಕ್ಕಷ್ಟೇ, ಎಲ್ಲಾ ಮೂಗೇ. ಗಾಳಿ ಅದರ ಕಡೆ ಬೀಸೋ ಹಾಗೆ ನಿಂತು ಬಕೆಟ್ ಬಡಿ."

"ನಾನು ಹಾಕ್ಕೊಳ್ಳಲ್ಲ. ಅದು ಒಳಗೆ ಬಂದ್ರೆ ಅವರು ನಿನ್ನ ಕರೆಯಲ್ಲ ಅಪ್ಪ."

"ಹಾಕ್ಕೋ ಅಂದೆ!"

ಮಗಳ ಮೇಲೆ ಇವರು ದನಿ ಏರಿಸಿದ್ದು ಅದೇ ಮೊದಲು. ನಾನು ಬಾಗಿಲಿಗೆ ಅಡ್ಡ ನಿಂತೆ. ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಸರಿಸಿದರು. ಮಗಳು ಅಳುತ್ತಲೇ ಹೋದಳು.

ಸಂಜೆ ಬಂದವಳು ಅಪ್ಪನ ಮುಖ ನೋಡದೆ ಹೇಳಿದಳು, "ಬಂತು."

"ಪೂರ್ತಿ ತಿಂತಾ?"

"ಬಕೆಟ್ ನೆಕ್ಕಿಬಿಡ್ತು."

ಅವತ್ತು ಇವರು ಎರಡು ಸಲ ಬಡಿಸಿಕೊಂಡು ಉಂಡರು. ಕೈಯಲ್ಲಿದ್ದ ಸೌಟನ್ನು ತಲೆಗೆ ಎಸೆಯಬೇಕೆನಿಸಿತು. ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಂಡವರು ಇಷ್ಟು ನೆಮ್ಮದಿಯಾಗಿ ಉಂಡದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆಮೇಲೆ ದಿನಾ ಒಂದು ಒಗೆಯದ ಅಂಗಿ ಮಗಳ ಚೀಲದಲ್ಲಿ ಹೋಗಿ ಬಂತು. ಮೃಗಾಲಯದಿಂದ ಕರೆ ಬರಲಿಲ್ಲ. ಮಗಳ ಬ್ಯಾಚಿನ ಸೇವೆ ಮುಗಿಯಲು ಬಂದಾಗ ಫೋನ್ ಬಡಿದುಕೊಂಡಿತು. ಸೂಪರ್‌ವೈಸರ್! ಇವರು ಎದ್ದು ನಿಂತು ಎತ್ತಿದರು. ಹಾಳು ಆಸೆ, ನಾನೂ ಓಡಿ ಬಂದು ಕಿವಿ ಕೊಟ್ಟೆ.

"ನಿಮ್ಮ ಮಗಳಿಗೆ ನಾಳೆಯೇ ಕೊನೆ ಅಲ್ವಾ? ಮುಂದಿನ ಬ್ಯಾಚಿನ ಮಕ್ಕಳು ಬರ್ತಿದ್ದಾರೆ. ನಿಮ್ಮ ಹಳೇ ಅಂಗಿ ಒಂದು ನಾಲ್ಕೈದು ಅವಳ ಕೈಲಿ ಕಳಿಸಿಕೊಡಿ. ಒಗೀಬೇಡಿ, ಆಯ್ತಾ?"

"ಆಯ್ತು ಸಾರ್," ಎಂದರು.

ನನ್ನ ಮೈಯೆಲ್ಲ ಉರಿದುಹೋಯಿತು. ಗೂಟದಲ್ಲಿದ್ದದ್ದು, ಬೀರುವಿನಲ್ಲಿದ್ದದ್ದು, ಮಗಳ ಚೀಲದಲ್ಲಿದ್ದದ್ದು, ಕೈಗೆ ಸಿಕ್ಕ ಅಂಗಿಗಳನ್ನೆಲ್ಲ ಬಾಚಿ ಬಚ್ಚಲಿಗೆ ಎಸೆದೆ. ಕುದಿಯುವ ನೀರು ಸುರಿದೆ, ಸೋಪಿನ ಪುಡಿಯ ಪೊಟ್ಟಣವನ್ನೇ ಬೋರಲು ಹಾಕಿದೆ. ಬೆವರಲ್ಲ, ಬಣ್ಣವೇ ಹೋಗುವ ಹಾಗೆ ಉಜ್ಜಿದೆ. ಮುದುಕಿ ಸತ್ತರೆ ಸಾಯಲಿ ಎಂದು ಬಾಯಿಬಿಟ್ಟೇ ಹೇಳಿದೆ. ಹೇಳಿದ ಮೇಲೆ ಅಳು ಬಂತು, ಆದರೂ ಉಜ್ಜುವುದನ್ನು ನಿಲ್ಲಿಸಲಿಲ್ಲ.

ಒದ್ದೆ ಕೈಯಲ್ಲಿ ಒಳಗೆ ಬಂದರೆ ಇವರು ಬರಿಮೈಯಲ್ಲಿ ಕೂತಿದ್ದರು. ಮೈಮೇಲಿದ್ದ ಅಂಗಿ ಆಗಲೇ ಮಡಿಕೆಯಾಗಿ ಮಗಳ ತೊಡೆಯ ಮೇಲಿತ್ತು.

"ಒಂದೇ ಇರೋದು," ಎಂದು ಅವಳಿಗೆ ಹೇಳುತ್ತಿದ್ದರು. "ಸರದಿ ಮೇಲೆ ಹಾಕ್ಕೊಳ್ಳೋಕೆ ಹೇಳು ಆ ಮಕ್ಕಳಿಗೆ."